ಹನ್ನೆರಡು ನಿಮಿಷದ ದಾರಿ

ಕಾಫಿ ಮೂರನೇ ಸಲ ಆರಿತು. ಕ್ಯಾಲೆಂಡರಿನಲ್ಲಿ ತಮ್ಮ ಹೆಸರು ಬರೆದಿರುವ ದಿನ, ಅಂದರೆ ಹೆಸರಿನ ದಿನಕ್ಕೆ ಯಾರನ್ನೂ ಕರೆಯುವ ಪದ್ಧತಿ ಫಿನ್ಲೆಂಡಿನ ವಾಸಾ ಊರಿನಲ್ಲಿಲ್ಲ. ನೆನಪಿದ್ದವರು ತಾವೇ ಬರುತ್ತಾರೆ. ಬಂದವರೆಲ್ಲ ಏಲಕ್ಕಿ ಬನ್ನು ತಿಂದು ಮಾರ್ತಾಳನ್ನು ಹರಸಿ ಹೋಗಿದ್ದರು. ಬಾರದವನು ಅವಳ ಗೆಳೆಯ ಈವಾರ್ ಒಬ್ಬನೇ.

"ಪಾಪ, ಕಡಲಾಚೆ ಸ್ವೀಡನ್ನಿನ ಊಮೆಯೊದಿಂದ ಬರ್ಬೇಕಲ್ಲ ಕಣೇ," ಎಂದಳು ಪಕ್ಕದ ಮನೆಯ ಐಲಾ.

"ಎಂಥ ಪಾಪ? ನೂರೇ ಕಿಲೋಮೀಟರು! ಮೂರು ವರ್ಷದಿಂದ ಹಡಗು ಹತ್ತಿ ಹೋಗ್ತಿರೋಳು ನಾನು."

ಅದು ಸುಳ್ಳಲ್ಲ. ಈವಾರ್ ದೋಣಿ ಕಟ್ಟುವ ಬಡಗಿ. ಆದರೆ ದೋಣಿ ನೀರಿಗಿಳಿದು ಅಲುಗಿತೆಂದರೆ ಅವನ ಕರುಳು ಬಾಯಿಗೆ ಬರುತ್ತಿತ್ತು. ಹೋದ ತಿಂಗಳು ಮಾರ್ತಾ ಖಡಾಖಂಡಿತ ಹೇಳಿಬಿಟ್ಟಿದ್ದಳು: ಈ ಸಲ ನನ್ನ ದಿನಕ್ಕೆ ನೀನು ಬರಬೇಕು, ಬರದಿದ್ದರೆ ನಾನೂ ಇನ್ನು ಬರುವವಳಲ್ಲ. ಈವಾರ್ ಕನ್ನಡಕ ಏರಿಸಿ ಫೋನು ನೋಡಿ ನಕ್ಕಿದ್ದ.

"ವಿಮಾನಕ್ಕೆ ಹನ್ನೆರಡೇ ನಿಮಿಷವಂತೆ! ನೀನು ಕಾಫಿಗೆ ನೀರಿಡು, ಕುದಿಯೋದ್ರೊಳಗೆ ಬಂದಿರ್ತೀನಿ."

ಐಲಾ ಹೋದ ಮೇಲೆ, ಸಂಜೆ ಮಾರ್ತಾಳೇ ಫೋನು ಮಾಡಿದಳು.

"ನೀರು ಕುದೀತು, ಆರ್ತು. ಎಲ್ಲಿದ್ದೀಯ?"

"ಮನೇಲಿ. ಅಂಗಿ ಇಸ್ತ್ರಿ ಮಾಡ್ತಿದೀನಿ. ನಾಳೆ ತಾನೆ ನಿನ್ನ ದಿನ?"

"ಇವತ್ತು!"

"ಗೋಡೆ ಮೇಲೇ ಇದೆಯಲ್ಲೇ. ಜುಲೈ ಇಪ್ಪತ್ತೇಳು, ಮಾರ್ತಾ."

"ಅದು ನಿಮ್ಮ ಸ್ವೀಡನ್ನಿನ ಕ್ಯಾಲೆಂಡರು, ಪೆದ್ದ! ನಮ್ಮ ಫಿನ್ಲೆಂಡಲ್ಲಿ ಇಪ್ಪತ್ತಾರು. ವರ್ಷ ವರ್ಷ ನೀನು ಒಂದು ದಿನ ತಡವಾಗಿ ಫೋನ್ ಮಾಡೋದು ಮರೆವು ಅಂದ್ಕೊಂಡಿದ್ದೆ!"

ಫೋನಿಟ್ಟಳು. ನಾಳೆ ಬಂದರೂ ಬಾಗಿಲು ತೆಗೆಯಬಾರದು ಎಂದುಕೊಂಡಳು.

ಮರುದಿನ ಬೆಳಿಗ್ಗೆ ಅವನೇ ಫೋನು ಮಾಡಿದ. "ನೇರ ವಿಮಾನವೇ ಇಲ್ವಂತೆ ಮಾರ್ತಾ! ನಿಲ್ದಾಣಕ್ಕೆ ಬಂದ್ಮೇಲೇ ಗೊತ್ತಾಯ್ತು. ಸ್ಟಾಕ್‌ಹೋಮಿಗೆ ಹೋಗಿ, ಹೆಲ್ಸಿಂಕಿಗೆ ಹೋಗಿ, ಆಮೇಲೆ ನಿಮ್ಮೂರು."

"ಮತ್ತೆ ಆ ಹನ್ನೆರಡು ನಿಮಿಷ?"

"ಅದು ನಕ್ಷೆ ಮೇಲೆ ಗೆರೆ ಎಳೆದ ಲೆಕ್ಕವಂತೆ. ವಿಮಾನ ಇದೆಯಾ ಅಂತ ನಾನು ನೋಡ್ಲಿಲ್ಲ."

"ನೋಡ್ಬೇಕಲ್ಲ ಮಾರಾಯ! ಎಷ್ಟೊತ್ತಿಗೆ ಬರ್ತೀಯ?"

"ಐದಕ್ಕೆ."

ಐದಾಯಿತು. ಬಾಗಿಲು ತೆಗೆಯಬಾರದೆಂದವಳು ಕಿಟಕಿ ಬಿಟ್ಟು ಕದಲಲಿಲ್ಲ. ಆರಕ್ಕೆ ಗೇಟು ಸದ್ದಾಯಿತು. ಇಸ್ತ್ರಿ ಮಾಡಿದ ಅಂಗಿ ಮುದುಡಿ, ಕೈಯ ಹೂವೆಲ್ಲ ಕತ್ತು ಬಾಗಿಸಿ, ಈವಾರ್ ಹೊಸ್ತಿಲಲ್ಲಿ ನಿಂತಿದ್ದ.

"ಐದಕ್ಕೆ ಅಂದಿದ್ಯಲ್ಲ."

ಅವನು ಕೈಗಡಿಯಾರ ತೋರಿಸಿದ. "ಐದೇ ಅಲ್ವಾ?"

ಸ್ವೀಡನ್ನಿನ ಗಂಟೆ, ಇಲ್ಲಿಗಿಂತ ಒಂದು ತಾಸು ಹಿಂದೆ. ಮಾರ್ತಾ ಹಣೆ ಚಚ್ಚಿಕೊಂಡಳು. ಬೈಯಲು ತೆರೆದ ಬಾಯಲ್ಲಿ ನಗು ಬಂದುಬಿಟ್ಟಿತು. ಅದನ್ನು ಕೈಯಲ್ಲಿ ಮುಚ್ಚಿಕೊಂಡು ಕೇಳಿದಳು, "ವಾಪಸ್ ಟಿಕೆಟ್ಟು ಯಾವತ್ತಿಗೆ?"

"ತಗೊಂಡಿಲ್ಲ. ಇನ್ನೊಂದ್ಸಲ ಆ ಮೂರು ವಿಮಾನ ನನ್ನ ಕೈಲಾಗಲ್ಲ. ಹಡಗಂತೂ ಮೊದಲೇ ಆಗಲ್ಲ." ಅವನು ತನ್ನ ಬೂಟು ನೋಡಿಕೊಂಡ. "ಇಲ್ಲೇ ಇದ್ದುಬಿಡ್ಲಾ, ಮಾರ್ತಾ?"

ಪಕ್ಕದ ಮನೆಯ ಪರದೆ ಅಲುಗಿತು.

"ಈ ಮನೇಲಿ ಕ್ಯಾಲೆಂಡರ್ ನಂದು. ಗಡಿಯಾರಾನೂ ನಂದು. ಒಪ್ಪಿಗೆ ಇದ್ರೆ ಒಳಗೆ ಬಾ."

ಈವಾರ್ ಹೊಸ್ತಿಲಲ್ಲೇ ನಿಂತು ಕೈಗಡಿಯಾರದ ಮುಳ್ಳನ್ನು ಒಂದು ತಾಸು ಮುಂದಕ್ಕೆ ತಿರುಗಿಸಿದ. ಮಾರ್ತಾ ಕಾಫಿಗೆ ನೀರಿಟ್ಟಳು. ಅದು ಕುದಿಯುವುದರೊಳಗೆ ಅವನು ಅವಳ ಮೇಜಿನ ಮುಂದೆ ಕೂತು, ನಿನ್ನೆಯ ಒಣ ಬನ್ನನ್ನು ಕಚ್ಚುತ್ತಿದ್ದ.