ಕೆರೆ ದೊರೆಯ ಎಡೆ

ನನ್ನ ಬಲಗೈ ಕುದಿಯುವ ನೀರಿನಿಂದ ಒಂದು ಗೇಣು ಮೇಲಿತ್ತು.

ಒಂದೇ ಗೇಣು!

ಕೆಳಗೆ ಬಾಂಡ್ಲಿಯಲ್ಲಿ ರೇಷ್ಮೆಗೂಡುಗಳು ಕೊತಕೊತ ಕುದಿಯುತ್ತಿದ್ದವು. ಸತ್ತ ಹುಳುವಿನ ನಾತ ಮೂಗಿಗೆ ಹೊಡೆಯುತ್ತಿತ್ತು. ನನ್ನ ಮಣಿಕಟ್ಟನ್ನು ಹಿಡಿದಿದ್ದವನು ಚೆನ್ನರಾಯಪ್ಪ, ಶಿಡ್ಲಘಟ್ಟದ ಆ ರೇಷ್ಮೆ ಶೆಡ್ಡಿನ ಮೇಸ್ತ್ರಿ. ಮೇಸ್ತ್ರಿ ಅನ್ನೋದು ಬರೀ ಹೆಸರಿಗೆ. ಯಜಮಾನರ ಪರವಾಗಿ ಹೊಡೆಯೋದು, ಬಡಿಯೋದು ಅವನ ಅಸಲಿ ಕೆಲಸ.

"ಏಮಿರಾ ಕೋನಪ್ಪ! ಪೊಲೀಸ್ ಕೆಲಸ ಹೋದ್ರೂ ಚಟ ಹೋಗ್ಲಿಲ್ವಾ?"

"ಕೈ ಬಿಡೋ. ಬೀಡಿ ಸೇದೋ ಕೈ ಅದು."

"ಇನ್ನೊಂದ್ ಕೈಯಲ್ಲಿ ಸೇದು. ಯಾರೋ ನಿನ್ನ ಕಳ್ಸಿದ್ದು?"

ಕೈ ಎರಡು ಬೆರಳು ಕೆಳಗಿಳಿಯಿತು. ಹಬೆಗೆ ಅಂಗೈ ಚುರುಗುಟ್ಟಿತು. ಅಯ್ಯಪ್ಪಾ... ಅಮ್ಮಾ ಅಂತ ಕೂಗಿಬಿಟ್ಟೆ. ನಾಚಿಕೆ ಏನೂ ಇಲ್ಲ, ನೀವಾಗಿದ್ದರೂ ಕೂಗುತ್ತಿದ್ದಿರಿ!

"ಬಿಡೋ ಅವನ್ನ."

ಬಾಗಿಲಲ್ಲಿ ಮುನಿವೆಂಕಟಪ್ಪ ನಿಂತಿದ್ದರು. ಶೆಡ್ಡಿನ ಯಜಮಾನರು. ದಿಬ್ಬೂರಹಳ್ಳಿಯಲ್ಲಿ ಅರ್ಧ ಊರಿನ ಹೊಲ ಅವರದು. ವಯಸ್ಸು ಅರವತ್ತು ದಾಟಿದ್ದರೂ ಬೆನ್ನು ಬಗ್ಗಿರಲಿಲ್ಲ. ಬೆಳ್ಳಗಿನ ಮೈ, ಕಪ್ಪು ಕಣ್ಣು.

"ಅಣ್ಣಾ, ಇವ್ನು ಇನ್ನೂ ಬಾಯಿ..."

"ಬಿಡು ಅಂದ್ನಲ್ಲ! ಪಿತೃಪಕ್ಷ ನಡೀತೈತೆ. ಹಿರಿಯರು ಬಾಗಿಲಲ್ಲಿ ನಿಂತಿರೋ ಹೊತ್ತು. ಈಗ ರಕ್ತ ಬೀಳಬಾರ್ದು. ಅಮಾಸೆ ಕಳೀಲಿ, ಆಮೇಲೆ ನೋಡ್ಕೊಳಣ."

ಆಮೇಲೆ ನನ್ನ ಕಡೆ ತಿರುಗಿದರು.

"ಅಮಾಸೆ ಆದ್ಮೇಲೂ ನೀನು ಈ ಕಡೆ ಕಂಡ್ರೆ, ಕೈಯಲ್ಲ ಕಣೋ... ತಲೆ ಅದ್ದಿಸ್ತೀನಿ."

ನನ್ನನ್ನು ರಸ್ತೆಗೆ ಎಸೆದರು. ಮಂಡಿ ತರಚಿತು, ಅಂಗಿ ಹರಿಯಿತು. ಆದರೂ ಒಂದು ಪಾಯಿಂಟ್ ನನ್ನ ತಲೆಯಲ್ಲಿ ಉಳಿಯಿತು. ಪೊಲೀಸರಿಗೆ ಹೆದರದ, ಕೋರ್ಟಿಗೆ ಹೆದರದ ಈ ಮನುಷ್ಯ ಸತ್ತವರಿಗೆ ಹೆದರುತ್ತಾನೆ!

ಇರಿ, ಶುರುವಿನಿಂದ ಹೇಳುತ್ತೇನೆ.

ಇದು ಸಾವಿರದ ಒಂಬೈನೂರ ಐವತ್ತೇಳನೇ ಇಸವಿಯ ಮಾತು. ಚಿಕ್ಕಬಳ್ಳಾಪುರದಲ್ಲಿ ಒಂದು ಸೈಕಲ್ ಷಾಪಿನ ಮೇಲೆ ನನ್ನ ಆಫೀಸು. ಆಫೀಸು ಅಂದರೆ ಒಂದು ಮೇಜು, ಒಂದೂವರೆ ಕುರ್ಚಿ. ಓಡಿಹೋದ ಗಂಡಂದಿರನ್ನು ಹುಡುಕಿಕೊಡುವುದು, ಮುಚ್ಚಿಟ್ಟ ದಾಖಲೆ ಹೊರಗೆ ತೆಗೆಸುವುದು ನನ್ನ ದಂಧೆ. ಒಂದು ಮಧ್ಯಾಹ್ನ ಒಬ್ಬ ಹೆಣ್ಣುಮಗಳು ಮೆಟ್ಟಿಲು ಹತ್ತಿ ಬಂದಳು. ಹೆಸರು ಶ್ಯಾಮಲಮ್ಮ. ಗೌರಿಬಿದನೂರಿನಲ್ಲಿ ಸ್ಕೂಲ್ ಮೇಡಂ. ವಯಸ್ಸು ಇಪ್ಪತ್ತೆರಡು ಇರಬಹುದು. ಎಣ್ಣೆಗಪ್ಪು ಮೈ, ಉದ್ದ ಜಡೆ, ಎಲ್ಲಾ ನಮ್ಮ ಮನೆ ಹೆಣ್ಣುಮಕ್ಕಳ ಥರವೇ.

ತಲೆ ಎತ್ತಿದಳು. ನಾನು ಬೀಡಿ ಕೆಳಗೆ ಹಾಕಿಬಿಟ್ಟೆ.

ಕಣ್ಣು ಹಸಿರು!

"ನೋಡಿದ್ರಲ್ಲ?" ಅಂದಳು. "ಎಲ್ರೂ ಹಿಂಗೇ ನೋಡ್ತಾರೆ. ನಾನು ಹುಟ್ಟಿ ಮೂರು ತಿಂಗಳಿಗೆ ನಮ್ಮ ತಾತ ಈ ಕಣ್ಣು ನೋಡಿ, ಇದು ನಮ್ಮ ಮನೆ ರಕ್ತ ಅಲ್ಲ ಅಂದ್ರು. ನಮ್ಮಮ್ಮನ್ನ ಬಾಣಂತಿ ಅಂತಾನೂ ನೋಡ್ದೆ ಆಚೆಗೆ ಹಾಕಿದ್ರು. ಯಾವನ ಜೊತೆ ಮಲಗಿದ್ದೆ ಹೇಳು ಅಂತ ಊರ ಮುಂದೆ ಕೇಳಿದ್ರಂತೆ."

"ನಿಮ್ಮಪ್ಪ?"

"ಬಾಯಿ ಬಿಡ್ಲಿಲ್ಲ. ತಾತ ಹಾಕಿದ ಗೆರೆ ದಾಟೋರಲ್ಲ."

ಅಪ್ಪ ವೆಂಕಟರಾಮಪ್ಪ. ತಾತ ಮುನಿವೆಂಕಟಪ್ಪ. ಅಮ್ಮ ಕೊಂಡಮ್ಮ ಅಂದಿನಿಂದಲೂ ಚಿಂತಾಮಣಿಯಲ್ಲಿ ಅಣ್ಣನ ಮನೆಯ ಕೊಟ್ಟಿಗೆಗೆ ತಗುಲಿದ ಕೋಣೆಯಲ್ಲಿ ಇದ್ದಳು.

"ಸೈನ್ಸ್ ಪುಸ್ತಕದಲ್ಲೈತೆ ಕೋನಪ್ಪನವರೇ. ಕಣ್ಣಿನ ಬಣ್ಣ ತಲೆಮಾರು ಬಿಟ್ಟು ಬರ್ತೈತೆ. ಅಮ್ಮನ ಕಡೆ ವಿಚಾರಿಸ್ದೆ, ಯಾರಿಗೂ ಇಲ್ಲ. ಅಪ್ಪನ ಕಡೆ ಹುಡುಕ್ಕೊಡಿ. ನಮ್ಮಮ್ಮ ತಪ್ಪು ಮಾಡಿಲ್ಲ ಅಂತ ನಂಗೊತ್ತು. ಅವ್ರ ಬಾಯಲ್ಲೇ ಆ ಮಾತು ಬರ್ಬೇಕು."

ನಾನು ಹೊಟ್ಟೆಪಾಡಿನವನು. ಅಳುವವರನ್ನು ಕಂಡರೆ ಆಗುವುದಿಲ್ಲ. ಆದರೆ ಈ ಹುಡುಗಿ ಅಳಲಿಲ್ಲ. ಅದಕ್ಕೇ ಕೇಸು ಹಿಡಿದೆ.

ದಿಬ್ಬೂರಹಳ್ಳಿಯ ಕೆರೆಗೆ ಸಂಬಂಧಪಟ್ಟ ಹಳೇ ಕಡತಗಳನ್ನು ಹುಡುಕಿಸಿದೆ. ಗೆದ್ದಲು ಉಳಿಸಿದ್ದು ಸ್ವಲ್ಪ, ಇಲಿ ಉಳಿಸಿದ್ದು ಸ್ವಲ್ಪ. ಅದರಲ್ಲಿ ಒಂದು ವಿಷಯ ಸಿಕ್ಕಿತು. ಅರವತ್ತು ವರ್ಷಕ್ಕೂ ಹಿಂದೆ ಕೆರೆ ಏರಿ ರಿಪೇರಿಗೆ ಆಲ್ಡ್ರಿಚ್ ಅಂತ ಒಬ್ಬ ಇಂಜಿನಿಯರ್ ದೊರೆ ಬಂದಿದ್ದ. ಎರಡು ವರ್ಷ ಅಲ್ಲೇ ಡೇರೆ ಹಾಕಿದ್ದ. ವಾಂತಿಭೇದಿಗೆ ಸತ್ತ. ಅಲ್ಲೇ ಮಣ್ಣಾದ, ಮುನಿವೆಂಕಟಪ್ಪನವರ ವಂಶದ ಹೊಲದಲ್ಲಿ!

ಬೇರೆಯವರ ಹೊಲದಲ್ಲಿ ದೊರೆಯನ್ನು ಯಾಕೆ ಹೂಳುತ್ತಾರೆ?

ಚಿಕ್ಕಬಳ್ಳಾಪುರದ ಒಂದು ಹಳೇ ಚರ್ಚಿಗೆ ಹೋದೆ. ಮದುವೆ ರಿಜಿಸ್ಟರ್ ತೆಗೆಸಿದೆ. ಆ ವರ್ಷದ ಹಾಳೆ ಇರಲಿಲ್ಲ. ಬುಡದವರೆಗೂ ಯಾರೋ ಕಿತ್ತಿದ್ದರು. ಯಾರು ಅಂತ ನಾನು ಹೇಳಬೇಕೇ? ಸೀದಾ ಶಿಡ್ಲಘಟ್ಟಕ್ಕೆ ಹೋಗಿ ಮುನಿವೆಂಕಟಪ್ಪನವರನ್ನೇ ಕೇಳಿದೆ, "ಕೆರೆ ದೊರೆ ನಿಮಗೇನಾಗ್ಬೇಕು ಯಜಮಾನ್ರೇ?" ಅಂತ.

ಉತ್ತರ ಆ ಬಾಂಡ್ಲಿ.

ರಸ್ತೆಯಿಂದ ಎದ್ದವನು ಚಿಂತಾಮಣಿಗೆ ಹೋದೆ. ಕೇಸು ಬಿಡುತ್ತೇನೆ ಅಂತ ಹೇಳುವುದಕ್ಕೆ! ಕೊಂಡಮ್ಮ ಸಗಣಿ ತಟ್ಟುತ್ತಿದ್ದಳು. ಹಬ್ಬಕ್ಕೆ ರಜೆ ಅಂತ ಮಗಳೂ ಬಂದಿದ್ದಳು. ನನ್ನ ಅಂಗೈ ನೋಡಿ ಕೊಂಡಮ್ಮ ಕೈ ತೊಳೆದು ಬಂದು ಬೆಣ್ಣೆ ಹಚ್ಚಿದಳು.

"ದಾಖಲೆ ಎಲ್ಲಾ ಹಾಳು ಮಾಡವ್ರೆ ಕಣಮ್ಮ. ಕಾಗದದ ಒಂದು ಚೂರೂ ಉಳಿದಿಲ್ಲ. ನನ್ ಕೈಲಾಗಲ್ಲ."

"ಹೋಗ್ಲಿ ಬಿಡಪ್ಪ. ನಿನ್ ಕೈ ಸುಟ್ಟಿದ್ದೇ ಸಾಕು. ಆ ಮನೇಲಿ ಈಗ ಪೆದ್ದಲ ಪಂಡಗ, ಹಿರಿಯರ ಹಬ್ಬ. ಹಿರಿಯರ ಎಡೆಗೆ ಅಂತ ನಂಗೂ ಬೇಯ್ಸಿ ಬೇಯ್ಸಿ ಕೈ ಸುಟ್ಟಿತ್ತು. ಒಬ್ಬೊಬ್ರಿಗೂ ಒಂದೊಂದು. ಮಾವನ ಅಪ್ಪ, ಪಟೇಲ ತಾತನಿಗೆ ಕೋಳಿಸಾರು, ಮುದ್ದೆ. ಅಜ್ಜಿಗೆ ಒಬ್ಬಟ್ಟು. ಕೆರೆ ಕೆಳಗಿನ ಮುನೇಶ್ವರನಿಗೆ ಟೀ, ಬನ್ನು..."

"ಏನಂದೆ?"

"ಟೀ ಕಣಪ್ಪ. ಆ ಕಾಲಕ್ಕೆ ನಮ್ಮೂರಲ್ಲಿ ಯಾರು ಟೀ ಕಂಡಿದ್ರು? ಚಿಕ್ಕಬಳ್ಳಾಪುರದಿಂದ ಟೀ ಸೊಪ್ಪು ತರ್ಸೋರು. ಪಿಂಗಾಣಿ ಕಪ್ಪು, ಸಾಸರು. ಅದನ್ನ ನಾವು ಮುಟ್ಟಂಗಿಲ್ಲ. ಮಾವನೇ ತೊಳ್ದು, ಮಾವನೇ ಇಡೋರು. ಬೇಯ್ಸಿದ ಮೊಟ್ಟೆ, ಬನ್ನು, ಒಂದು ಚುಟ್ಟ. ಅವ್ರಮ್ಮನ ಕಾಲದಿಂದ ಬಂದ ಪದ್ಧತಿ ಅನ್ನೋರು."

ನನಗೆ ನಗು ಬಂತು. ಜೋರಾಗಿ ನಕ್ಕುಬಿಟ್ಟೆ. ತಾಯಿ ಮಗಳು ಇಬ್ಬರೂ ಮುಖ ಮುಖ ನೋಡಿಕೊಂಡರು.

ಸತ್ತವರಿಗೆ ಏನಿಷ್ಟವೋ ಅದನ್ನೇ ಎಡೆ ಇಡಬೇಕು. ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಾಗದ ಸುಟ್ಟರೆ ಯಾರೂ ಕೇಳುವುದಿಲ್ಲ. ಎಡೆ ನಿಲ್ಲಿಸಿದರೆ ಹಿರಿಯರು ಕೇಳುತ್ತಾರೆ!

"ಹೊರಡ್ರಮ್ಮ," ಅಂದೆ. "ನಾಳೆ ಅಮಾಸೆ. ದಿಬ್ಬೂರಹಳ್ಳಿಗೆ ಹೋಗಣ."

ಕೊಂಡಮ್ಮ ಗೋಡೆ ಹಿಡಿದುಕೊಂಡಳು. "ಆ ಊರಿಗಾ? ನನ್ನ ಕೊಂದಾಕ್ತಾರೆ ಕಣಪ್ಪ."

"ಅಮಾಸೆವರ್ಗೂ ಕೊಲ್ಲಲ್ವಂತೆ. ಯಜಮಾನ್ರೇ ಹೇಳವ್ರೆ."

ಮಾರನೇ ದಿನ ಬಸ್ಸು ನಮ್ಮನ್ನು ಶಿಡ್ಲಘಟ್ಟದಲ್ಲಿ ಇಳಿಸಿತು. ಅಲ್ಲಿಂದ ಜಟಕಾ ಹಿಡಿದೆವು. ಸಾಬರ ಕುದುರೆಗೆ ನನ್ನಷ್ಟೇ ವಯಸ್ಸಾಗಿತ್ತು ಅಂತ ಕಾಣುತ್ತೆ. ಊರು ದಾಟಿ ಸ್ವಲ್ಪ ದೂರ ಹೋಗಿಲ್ಲ, ಹಿಂದೆ ಧೂಳು ಎದ್ದಿತು.

ಜೀಪು!

ಮುಂದಿನ ಸೀಟಿನಲ್ಲಿ ಚೆನ್ನರಾಯಪ್ಪ. ನಾವು ಬಸ್ಸಿಳಿಯುವುದನ್ನು ನೋಡಿರಬೇಕು. ತೊಡೆಯ ಮೇಲೆ ಜೋಡುನಳಿಗೆಯ ಬಂದೂಕು.

"ಕುದುರೆ ಹೊಡೀರಿ ಸಾಬ್ರೇ!" ಅಂದೆ.

"ಅರೆ, ಯೇ ಘೋಡಾ ಹೈ, ರೈಲ್ ನಹೀ!"

ಜೀಪು ಪಕ್ಕಕ್ಕೆ ಬಂದು ಉಜ್ಜಿತು. ಚಕ್ರ ಕಿರುಗುಟ್ಟಿತು. ಜಟಕಾ ಒಂದು ಕಡೆ ವಾಲಿತು. ಶ್ಯಾಮಲಮ್ಮ ಅಮ್ಮನನ್ನು ತಬ್ಬಿಕೊಂಡಳು. ಇನ್ನೊಂದು ಸಲ ಉಜ್ಜಿದ್ದರೆ ಹಳ್ಳಕ್ಕೆ ಬೀಳುತ್ತಿದ್ದೆವು. ಅಷ್ಟರಲ್ಲಿ ಸಾಬರು ಲಗಾಮು ಎಳೆದು ಕುದುರೆಯನ್ನು ಹಿಪ್ಪುನೇರಳೆ ತೋಟದ ಕಾಲುದಾರಿಗೆ ತಿರುಗಿಸಿಬಿಟ್ಟರು! ಜೀಪಿನವನೂ ತಿರುಗಿಸಿದ. ಮುಂದಿನ ಚಕ್ರ ನೀರು ಕಟ್ಟಿದ ಪಾತಿಗೆ ಇಳಿದು ಹೂತುಕೊಂಡಿತು.

"ರೇಯ್! ನಿಲ್ಲೋ!"

ಯಾರು ನಿಲ್ಲುತ್ತಾರೆ? ಕೆರೆ ಏರಿ ಕಂಡ ಕೂಡಲೇ ಇಳಿದು ಓಡಿದೆವು. ಚೆನ್ನರಾಯಪ್ಪ ಬಂದೂಕು ಹಿಡಿದು ಹಿಂದೆಯೇ ಓಡಿಬರುತ್ತಿದ್ದ. ದಪ್ಪ ಆಳು, ಅವನ ಏದುಸಿರು ನನಗೆ ಕೇಳುತ್ತಿತ್ತು.

ಏರಿ ಕೆಳಗೆ ಹೊಂಗೆ ಮರ. ಮರದ ಕೆಳಗೆ ಆ ವಂಶದ ಸಮಾಧಿಗಳು. ಬಂಧುಬಳಗವೆಲ್ಲ ಸೇರಿತ್ತು. ಎಲ್ಲ ಸಮಾಧಿಗಳೂ ದಕ್ಷಿಣಕ್ಕೆ ತಲೆ ಮಾಡಿ ಸಾಲಾಗಿದ್ದವು. ಒಂದು ಮಾತ್ರ ಅಡ್ಡ, ಕಿರಸ್ತಾನರನ್ನು ಹೂಳುವ ಹಾಗೆ ತಲೆ ಪಶ್ಚಿಮಕ್ಕೆ. ಅದರ ಮುಂದೆ ಬಾಳೆ ಎಲೆ. ಎಲೆಯ ಮೇಲೆ ಬನ್ನು, ಮೊಟ್ಟೆ, ಚುಟ್ಟ. ಪಿಂಗಾಣಿ ಕಪ್ಪಿನಲ್ಲಿ ಟೀ ಇನ್ನೂ ಹಬೆಯಾಡುತ್ತಿತ್ತು. ಮುನಿವೆಂಕಟಪ್ಪನವರು ಒದ್ದೆ ಪಂಚೆ ಉಟ್ಟು ಕೈಮುಗಿದು ನಿಂತಿದ್ದರು.

ಕೊಂಡಮ್ಮನನ್ನು ನೋಡಿ ಅವರ ಮುಖ ಬಿಳಿಚಿಕೊಂಡಿತು. ಹಿಂದೆ ನಿಂತಿದ್ದ ಮಗ ವೆಂಕಟರಾಮಪ್ಪ ತಲೆ ಬಗ್ಗಿಸಿದ.

"ಯಾರೋ ಇವಳನ್ನ ಇಲ್ಲಿಗೆ ಬಿಟ್ಟಿದ್ದು? ಚೆನ್ನರಾಯಪ್ಪಾ!"

ಬೆನ್ನ ಹಿಂದೆ ಬಂದೂಕಿನ ಕುದುರೆ ಎಳೆದ ಸದ್ದು.

"ಹೊಡೆಸಿ ಯಜಮಾನ್ರೇ," ಅಂದೆ. "ಹಿರಿಯರು ಎಲೆ ಮುಂದೆ ಕೂತವ್ರೆ. ಕಾಗೆ ಇನ್ನೂ ಮುಟ್ಟಿಲ್ಲ. ಅವ್ರ ಮುಂದೇನೇ ರಕ್ತ ಬೀಳಿಸಿ!"

ಮುನಿವೆಂಕಟಪ್ಪನವರು ಕೈ ಎತ್ತಿ ಬಂದೂಕು ಇಳಿಸಲು ಸನ್ನೆ ಮಾಡಿದರು.

ನಾನು ಅಡ್ಡ ಸಮಾಧಿಯ ಹತ್ತಿರ ಹೋದೆ.

"ಇದ್ಯಾರ ಎಡೆ?"

"ಮುನೇಶ್ವರಂದು. ದೂರ ನಿಲ್ಲು."

"ಮುನೇಶ್ವರ ಸಾಸರಲ್ಲಿ ಟೀ ಕುಡೀತಾನಾ?"

"ನಮ್ಮ ಮನೆ ಪದ್ಧತಿ. ನಿಂಗ್ಯಾಕೋ ಬೇಕು?"

"ಆಯ್ತು. ದೇವರದ್ದೇ ಆದ್ರೆ ಭಯ ಇಲ್ಲ. ನಾನು ಒದೀತೀನಿ, ನೀವು ತಪ್ಪುಕಾಣಿಕೆ ಕಟ್ಟಿ. ದೇವರು ಕ್ಷಮಿಸ್ತಾನೆ. ಹಿರಿಯರದ್ದಾದ್ರೆ ಕಷ್ಟ. ಒಂದು ವರ್ಷ ಹಸ್ಕೊಂಡು ಅಲೀಬೇಕು, ಪಾಪ..."

ಕಾಲೆತ್ತಿದೆ.

ನಿಜ ಹೇಳುತ್ತೇನೆ, ನನಗೂ ಹೆದರಿಕೆ ಇತ್ತು. ನನಗೂ ಸತ್ತ ಅಪ್ಪ ಇದ್ದಾನೆ. ಅವನೂ ಎಲ್ಲೋ ಎಲೆ ಮುಂದೆ ಕಾಯುತ್ತಿರಬಹುದು. ಇಂಥಾ ಕೆಲಸ ಮಾಡಿದೆ ಅಂತ ಗೊತ್ತಾದರೆ ಸುಮ್ಮನೆ ಬಿಡುವವನಲ್ಲ. ಆದರೂ ಕಾಲನ್ನು ಎಲೆಯ ಮೇಲಕ್ಕೆ ತಂದೆ. ಹೆಬ್ಬೆರಳು ಕಪ್ಪಿಗೆ ತಾಗಿತು. ಕಪ್ಪು ಸಾಸರಿನ ಮೇಲೆ ಕಿಣಿಕಿಣಿ ಅಂದಿತು.

"ಬೇಡ ಕಣೋ!"

ಆ ಕೂಗಿಗೆ ಮರದ ಕಾಗೆಗಳೆಲ್ಲ ಎದ್ದುಹೋದವು. ಮುನಿವೆಂಕಟಪ್ಪನವರು ಬಂದು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಕುಕ್ಕರಿಸಿದರು.

"ಮುಟ್ಟಬೇಡ್ವೋ... ಅದು ನಮ್ಮಪ್ಪನ ಎಡೆ!"

"ನಿಮ್ಮಪ್ಪ ಪಟೇಲ್ರಲ್ವಾ? ಅವ್ರ ಎಡೆ ಅಲ್ಲೈತಲ್ಲ, ಕೋಳಿಸಾರು!"

"ಅವರು ನಮ್ಮಮ್ಮನ ಸೋದರಮಾವ. ಮರ್ಯಾದೆಗೆ ಅಂತ ಆಮೇಲೆ ತಾಳಿ ಕಟ್ಟಿದ್ರು. ಆಗ್ಲೇ ನಾನು ಹೊಟ್ಟೇಲಿದ್ದೆ." ಯಜಮಾನರು ಅಳುತ್ತಿದ್ದರು. ಮೂಗು ಒರೆಸಿಕೊಳ್ಳುವುದೂ ಮರೆತಿತ್ತು. "ದೊರೆ ನಮ್ಮಮ್ಮನ್ನ ಚರ್ಚಲ್ಲಿ ಮದುವೆ ಆಗಿದ್ನಂತೆ. ನಾನು ಹುಟ್ಟೋಕೆ ಮುಂಚೆ ಸತ್ತ. ಅಮ್ಮ ಸಾಯೋವಾಗ ನನ್ ಕೈ ಹಿಡ್ಕೊಂಡು ಹೇಳಿದ್ಲು, ನಾನಿರೋವರ್ಗೂ ಇಟ್ಟೆ, ಇನ್ಮೇಲೆ ನೀನಿಡು, ಅವನನ್ನ ಹಸ್ಕೊಂಡಿರೋಕೆ ಬಿಡ್ಬೇಡ ಅಂತ."

"ಅವನ ಕಣ್ಣು?"

ಯಜಮಾನರು ಎಲೆಯ ಕಡೆ ತಲೆ ಬಗ್ಗಿಸಿದರು.

"ಕಣ್ಣು ಯಾವ ಬಣ್ಣ ಇತ್ತು ಯಜಮಾನ್ರೇ? ನಿಮ್ಮಮ್ಮ ಹೇಳಿರ್ಬೇಕಲ್ಲ?"

ಅವರು ನಿಧಾನವಾಗಿ ತಲೆ ಎತ್ತಿದರು. ಶ್ಯಾಮಲಮ್ಮ ಎದುರಿಗೇ ನಿಂತಿದ್ದಳು.

"ಇದೇ," ಅಂದರು. "ಇದೇ ಬಣ್ಣ. ತೊಟ್ಟಿಲಲ್ಲಿ ನೋಡಿದ ದಿನಾನೇ ಗೊತ್ತಾಯ್ತು ನಂಗೆ. ಊರಿಗೆ ಗೊತ್ತಾದ್ರೆ ಈ ಮನೆ ಕತೆ ಮುಗೀತು ಅಂತ... ಅವಳ ಮೇಲೆ ಹಾಕ್ದೆ. ಕೊಂಡಮ್ಮ ತಪ್ಪು ಮಾಡಿಲ್ಲ. ಅವಳು ಏನೂ ಮಾಡಿಲ್ಲ ಕಣ್ರಪ್ಪೋ!"

ಚೆನ್ನರಾಯಪ್ಪ ಬಂದೂಕನ್ನು ಎಲ್ಲಿಡುವುದು ಅಂತ ಗೊತ್ತಾಗದೆ ಮರಕ್ಕೆ ಒರಗಿಸಿದ. ಸಿಟ್ಟಿಗೆ ನನ್ನ ಮೈ ಉರಿಯುತ್ತಿತ್ತು. ಆ ಮುದುಕನಿಗೆ ನಾಲ್ಕು ಬಿಡಬೇಕು ಅನ್ನಿಸಿತು. ಆದರೆ ಎಲೆ ಮುಂದೆ ಅಳುವವನನ್ನು ಹೊಡೆಯಲು ಕೈ ಬರಲಿಲ್ಲ.

ಕೊಂಡಮ್ಮ ಮುಂದೆ ಬಂದಳು. ನನ್ನನ್ನು ಪಕ್ಕಕ್ಕೆ ಸರಿಸಿ, ಜರುಗಿದ್ದ ಕಪ್ಪನ್ನು ಸಾಸರಿನ ನಡುವೆ ಇಟ್ಟಳು.

"ತಾತಾ," ಅಂದಳು ಸಮಾಧಿಗೆ. "ನಿನ್ ಕಣ್ಣು ನನ್ ಮಗಳಿಗೆ ಬಂದೈತೆ. ಆರೋಗೋಕೆ ಮುಂಚೆ ಕುಡಿ."

ಅಷ್ಟೇ. ಮಗಳ ಕೈ ಹಿಡಿದು ಏರಿ ಹತ್ತಿದಳು. ಹಿಂದೆ ನೋಡಲಿಲ್ಲ.

ನಾವು ರಸ್ತೆಗೆ ಬಂದು ಜಟಕಾ ಹತ್ತುವ ಹೊತ್ತಿಗೆ ವೆಂಕಟರಾಮಪ್ಪ ಓಡಿಬಂದ. ಹೆಂಡತಿಯ ಮುಖ ನೋಡಲು ಧೈರ್ಯ ಸಾಲದೆ ನನ್ನ ಹತ್ತಿರ ನಿಂತ.

"ಅವಳಿಗೆ ಹೇಳಿ ಕೋನಪ್ಪನವರೇ. ಅಪ್ಪ ಕರೀತವ್ರೆ. ಮನೆಗೆ ಬಂದು ಒಂದು ತುತ್ತು ಉಂಡು ಹೋಗ್ಲಿ. ಇಪ್ಪತ್ತೆರಡು ವರ್ಷ ಆಯ್ತು..."

ಕೊಂಡಮ್ಮ ಸೆರಗು ಸರಿಮಾಡಿಕೊಂಡು ಜಟಕಾದೊಳಗಿಂದಲೇ ಹೇಳಿದಳು.

"ಸತ್ಮೇಲೆ ಬರ್ತೀನಿ ಅಂತ ಹೇಳಿ. ಆ ಮನೇಲಿ ಸತ್ತೋರಿಗೆ ತಾನೇ ಕರ್ದು ಊಟ ಹಾಕೋದು!"