ಎರಡನೆಯ ತೊಟ್ಟಿಯ ಎಣ್ಣೆ

ಸ್ಟಮಾತಾ ಔಷಧಿ ಅಂಗಡಿಯ ಹೊಸ್ತಿಲಲ್ಲೇ ನಿಂತಳು. ಮುಖದ ಅರ್ಧಕ್ಕೆ ತಲೆವಸ್ತ್ರ ಎಳೆದುಕೊಂಡಿದ್ದಳು.

"ಮಾನ ಹೋಯ್ತು ಇವಾಂಥಿಯಾ. ನಮ್ಮ ಎಣ್ಣೆನ ಎರಡನೇ ತೊಟ್ಟಿಗೆ ಸುರಿದುಬಿಟ್ರು."

ಇವಾಂಥಿಯಾ ಮಾತ್ರೆ ಮಾರುವುದರ ಜೊತೆಗೆ ಊರಿನ ಗುಟ್ಟುಗಳನ್ನೂ ಬಿಡಿಸುವವಳು. ನಿವೃತ್ತ ಅಂಚೆಯವನಾದ ನಾನು, ಥ್ರಾಸೋಸ್, ಅವಳ ಚೀಲ ಹೊರುವವನು. ನಮ್ಮ ಸಹಕಾರಿ ಗಾಣದಲ್ಲಿ ಹಲಗೆಯ ಮೇಲೆ ಬರೆದ ಆಮ್ಲದ ಅಂಕಿ ಸೊನ್ನೆ ಪಾಯಿಂಟ್ ಎಂಟು ದಾಟದಿದ್ದರೆ ಆಲಿವ್ ಎಣ್ಣೆ ಮೊದಲನೆಯ ತೊಟ್ಟಿಗೆ, ಮೀರಿದರೆ ಎರಡನೆಯದಕ್ಕೆ. ಎರಡನೆಯದಕ್ಕೆ ಬಿದ್ದ ಮನೆಯವರು ಚೌಕದಲ್ಲಿ ತಲೆ ಎತ್ತುವುದಿಲ್ಲ.

"ಕಾಯಿ ಗಾಣಕ್ಕೆ ಒಯ್ದು ಎಣ್ಣೆ ತೆಗೆಸಿದ್ದು ಯಾರು?"

"ಸೊಸೆ ಅಸಿಮೀನಾ. ಹೊಸದ್ರಲ್ಲಿ ಒಂದಿಷ್ಟು ತೆಗೆದು ಮಾರ್ಕೊಂಡು, ಆ ಜಾಗಕ್ಕೆ ಹೋದ ವರ್ಷದ ಹಳೇ ಎಣ್ಣೆ ಬೆರೆಸಿದಾಳೆ. ತವರಿಗೆ ಓಡಿಸ್ದೆ. ಊರಿಗೆಲ್ಲ ಹೇಳ್ದೆ."

"ಅವಳು ಒಪ್ಕೊಂಡ್ಳಾ?"

"ಒಪ್ಕೋತಾಳಾ? ಅತ್ತಳು ಅಷ್ಟೇ."

ನಾವು ಮೊದಲು ಸ್ಟಮಾತಾಳ ನೆಲಮಾಳಿಗೆಗೆ ಇಳಿದೆವು. ಹಳೆಯ ಎಣ್ಣೆಯ ಜಾಡಿಗಳ ಬಾಯಿಗೆ ಬಳಿದ ಮೇಣ ಬಿರುಕು ಬಿಟ್ಟಿರಲಿಲ್ಲ, ಮೇಲೆ ಧೂಳು ಕೂತಿತ್ತು. ಇವಾಂಥಿಯಾ ಮೇಣ ಮುಟ್ಟಿ ನೋಡಿ ಕೈ ಒರೆಸಿಕೊಂಡಳು.

ಗಾಣದಲ್ಲಿ ಯಂತ್ರದ ಸದ್ದಿಗೆ ಕಿವಿ ಗಡಚಿಕ್ಕುತ್ತಿತ್ತು. ಒಳಕೋಣೆಯಲ್ಲಿ ಆಮ್ಲ ಅಳೆಯುವ ಫೋಟಿಸ್ ಬೇರೆ ಯಾರದೋ ಎಣ್ಣೆಯ ಲೆಕ್ಕ ಮುಗಿಸಿ, "ಸೊನ್ನೆ ಪಾಯಿಂಟ್ ಆರು ಎರಡು!" ಎಂದು ಕೂಗಿದ. ಹೊರಗೆ ಅಧ್ಯಕ್ಷ ಅನಾರ್ಗಿರೋಸ್ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ 0.6 ಎಂದು ಬರೆದ. ಹಲಗೆಯಲ್ಲಿ ಪಾಯಿಂಟಿನ ಮುಂದೆ ಒಂದೇ ಅಂಕಿಗೆ ಜಾಗ. ಸ್ಟಮಾತಾಳ ಹೆಸರಿನೆದುರು 0.9 ಎಂದಿತ್ತು.

"ಎಲ್ಲಾ ಸಂಖ್ಯೆನೂ ಹೀಗೇ ರೌಂಡ್ ಮಾಡ್ತೀರಾ?" ಎಂದಳು ಇವಾಂಥಿಯಾ.

"ಮತ್ತೆ? ಊರಿನವರಿಗೆ ಅಂಕಿಯ ಬಾಲ ಯಾಕಮ್ಮ?" ಎಂದು ನಕ್ಕ.

ಭಾನುವಾರ ಪೂಜೆ ಮುಗಿದ ಮೇಲೆ ಗಾಣದಲ್ಲಿ ಎಲ್ಲರೂ ಸೇರಿದರು. ಅಸಿಮೀನಾಳನ್ನು ಇವಾಂಥಿಯಾಳೇ ಕರೆತಂದಿದ್ದಳು. ಸ್ಟಮಾತಾ ಅವಳತ್ತ ಬೆನ್ನು ಹಾಕಿ ನಿಂತಳು.

ಗಾಣದಲ್ಲಿ ಮುದ್ರೆ ಹಾಕಿ ಇಟ್ಟಿದ್ದ ಸ್ಟಮಾತಾಳ ಎಣ್ಣೆಯ ಮಾದರಿಯನ್ನು ಫೋಟಿಸ್ ಎಲ್ಲರೆದುರು ಮತ್ತೆ ಅಳೆದ. "ಸೊನ್ನೆ ಪಾಯಿಂಟ್ ಎಂಟು ಐದು," ಎಂದ.

"ಲೆಕ್ಕ ಪೂರ್ತಿ ಓದಪ್ಪ," ಎಂದಳು ಇವಾಂಥಿಯಾ.

"ಸೊನ್ನೆ ಪಾಯಿಂಟ್ ಎಂಟು ನಾಲ್ಕು ಆರು. ಕೊನೇದು ಆರು ಅಲ್ವಾ, ಅದಕ್ಕೆ ನಾಲ್ಕನ್ನ ಐದು ಮಾಡ್ದೆ."

"ನೀವೇನು ಮಾಡಿದ್ರಿ, ಅನಾರ್ಗಿರೋಸ್?"

"ಅವನು ಐದು ಅಂದ. ಐದಕ್ಕೆ ಮೇಲಕ್ಕೆ ಹೋಗ್ಬೇಕು. ಎಂಟನ್ನ ಒಂಬತ್ತು..." ಎಂದವನು ಹಲಗೆಯತ್ತ ತಿರುಗಿದ.

"ಇಬ್ಬರೂ ನಿಯಮ ಬಿಡಲಿಲ್ಲ. ಆದ್ರೆ ಒಂದೇ ಸಂಖ್ಯೆನ ಎರಡು ಸಲ ರೌಂಡ್ ಮಾಡಿದ್ರಿ," ಎಂದಳು ಇವಾಂಥಿಯಾ. "ಪಾಯಿಂಟಿನ ಮುಂದೆ ಒಂದೇ ಅಂಕಿ ಬೇಕಿದ್ರೆ ಅದರ ಪಕ್ಕದ ಅಂಕಿ ಒಂದನ್ನೇ ನೋಡ್ಬೇಕು. ಅದು ಐದೋ ಮೇಲೋ ಇದ್ರೆ ಏರಿಸ್ಬೇಕು, ಕಮ್ಮಿ ಇದ್ರೆ ಬಿಟ್ಬಿಡ್ಬೇಕು. ಇಲ್ಲಿ ಪಕ್ಕ ಇದ್ದಿದ್ದು ನಾಲ್ಕು. ಎಂಟು ಎಂಟಾಗೇ ಉಳೀಬೇಕಿತ್ತು. ಕೊನೇ ಆರಕ್ಕೆ ಇಲ್ಲಿ ಮಾತೇ ಇಲ್ಲ. ಹಳೇ ಜಾಡಿಗಳ ಮೇಣ ಒಡೆದಿಲ್ಲ, ಯಾರೂ ಏನೂ ಬೆರೆಸಿಲ್ಲ. ಅದು ಮೊದಲನೇ ತೊಟ್ಟಿಯ ಎಣ್ಣೆ."

ಫೋಟಿಸ್ ಕೈಯಲ್ಲಿದ್ದ ಗಾಜಿನ ನಳಿಗೆಯನ್ನೇ ನೋಡುತ್ತಿದ್ದ. ಅನಾರ್ಗಿರೋಸ್ ಅಂಗಿಯ ತೋಳಿನಿಂದಲೇ ಹಲಗೆಯ ಒಂಬತ್ತನ್ನು ತಿಕ್ಕಿದ. ಅಸಿಮೀನಾಳನ್ನು ಕಳ್ಳಿ ಎಂದು ನಂಬಿ ಬೀದಿಯಲ್ಲಿ ಮುಖ ತಿರುಗಿಸಿದ್ದ ನಮಗೆಲ್ಲ ನಾಚಿಕೆಯಾಯಿತು.

ಸ್ಟಮಾತಾ ತಿರುಗಿದಳು. "ಮಗಳೇ," ಎಂದಳು. ಸೊಸೆಯತ್ತ ಕೈ ಚಾಚಿದಳು.

"ಗಾಣದಿಂದ ಒಂದು ಸೀಸೆ ಹೊಸ ಎಣ್ಣೆ ತಂದ ದಿನ ಬಿಸಿ ಬ್ರೆಡ್ಡಿಗೆ ಹಾಕಿ ಕೊಟ್ಟೆ ಅತ್ತೆ," ಎಂದಳು ಅಸಿಮೀನಾ. "ಇಷ್ಟು ಒಳ್ಳೇ ಎಣ್ಣೆ ನಾನೂ ತೆಗೆದಿಲ್ಲ ಅಂತ ಬೆರಳು ನೆಕ್ಕಿದ್ರಿ. ಹಲಗೆ ನೋಡಿದ ಮೇಲೆ ನಿಮ್ಮ ನಾಲಿಗೇನೇ ನೀವು ನಂಬ್ಲಿಲ್ಲ. ಇವರು ಒಂಬತ್ತು ಅಳಿಸಿದ್ರು. ನೀವು ಊರಿಗೆ ಹೇಳಿದ್ದನ್ನ ಯಾರು ಅಳಿಸ್ತಾರೆ?"

ಅಂದು ಸ್ಟಮಾತಾ ಕೋಲೂರಿಕೊಂಡು ಮನೆ ಮನೆಯ ಬಾಗಿಲು ತಟ್ಟಿದಳು. ತಲೆವಸ್ತ್ರವನ್ನು ಹಿಂದಕ್ಕೆ ಸರಿಸಿ, ಎಲ್ಲ ಬಾಗಿಲಲ್ಲೂ ಒಂದೇ ಮಾತು ಹೇಳಿದಳು: "ನನ್ನ ಸೊಸೆ ಕಳ್ಳಿ ಅಲ್ಲ. ಸುಳ್ಳು ಹೇಳಿದ್ದು ನಾನು." ಅಸಿಮೀನಾ ದೂರದಲ್ಲೇ ಹಿಂದೆ ಹಿಂದೆ ನಡೆದು ಬಂದಳು. ಮೇಲಿನ ಕೇರಿಯ ಕಡಿದಾದ ಮೆಟ್ಟಿಲುಗಳ ಬಳಿ ಮುದುಕಿ ತಡವರಿಸಿದಾಗ, ಓಡಿಬಂದು ಅವಳ ತೋಳು ಹಿಡಿದುಕೊಂಡಳು.