ಫೋಟೋಗೆ ರೇಷ್ಮೆ ಸೀರೆ

“ಹಲ್ಲಿನ ಡಾಕ್ಟ್ರ ಹತ್ರ ಹೋಗೋಕೆ ರೇಷ್ಮೆ ಸೀರೆನಾ ಅಜ್ಜಿ? ಬಸ್ಸಲ್ಲಿ ಎಲ್ರೂ ನಮ್ಮನ್ನೇ ನೋಡ್ತಿದಾರೆ,” ಸ್ಫೂರ್ತಿ ಪಿಸುಗುಟ್ಟಿದಳು.

“ನೋಡ್ಲಿ ಬಿಡೇ. ಫೋಟೋ ತೆಗೀತಾರೆ ಅಂದಿದ್ದು ನೀನೇ ತಾನೆ?” ಮಹಾಂತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಹೇಳಿದರು.

“ಬಾಯೊಳಗಿಂದು ಅಜ್ಜಿ!”

“ಫೋಟೋ ಅಂದ್ರೆ ಫೋಟೋನೇ.”

ಹಣೆಗೆ ವಿಭೂತಿ, ತುರುಬಿಗೆ ಮಲ್ಲಿಗೆ. ಮುಂದಿನ ಸೀಟಿನಿಂದ ಕ್ಲಾಸ್‌ಮೇಟ್ ದುಶ್ಯಂತ್ ತಿರುಗಿ, “ಯಾರ ಮದ್ವೆನೇ?” ಎಂದ. ಸ್ಫೂರ್ತಿ ಎದ್ದು ಹಿಂದಿನ ಸೀಟಿಗೆ ಹೋಗಿಬಿಟ್ಟಳು.

ಅಜ್ಜಿಯ ದವಡೆಗೆ ಆಗಲೇ ಸ್ಕ್ರೂಗಳನ್ನು ಕೂರಿಸಿದ್ದರು. ಅವುಗಳ ಮೇಲೆ ಹಲ್ಲಿನ ಸೆಟ್ಟು ಬರಬೇಕು. ಹೋದ ಸಲ ಅಳತೆಗೆಂದು ಬಾಯಿಗೆ ಪೇಸ್ಟ್ ತುಂಬಿದಾಗ ಓಕರಿಕೆ ಬಂದು ಅಜ್ಜಿ ಎದ್ದು ಬಂದಿದ್ದರು. ಇವತ್ತೂ ಆಗದಿದ್ದರೆ ಹಲ್ಲೇ ಬೇಡ ಎಂದುಬಿಟ್ಟಿದ್ದರು.

ವಿದ್ಯಾನಗರದ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಜಗದಾಂಬಾ ಅಜ್ಜಿಯ ಎದೆಯ ಮೇಲೆ ನೀಲಿ ಬಟ್ಟೆ ಹೊದಿಸಿದರು.

“ಅಯ್ಯೋ, ಸೀರೆ ಕಾಣಲ್ಲ!”

“ಸ್ಕ್ರೂಗಳ ಮೇಲೆ ಚುಕ್ಕೆ ಇರೋ ಬಿಲ್ಲೆ ಕೂರಿಸ್ತೀನಿ ಅಜ್ಜಿ. ಈ ಹೊಸ ಕ್ಯಾಮೆರಾ ಬೇರೆ ಬೇರೆ ಕಡೆಯಿಂದ ಚುಕ್ಕೆಗಳನ್ನ ನೋಡುತ್ತೆ. ಯಾವ ಸ್ಕ್ರೂ ಎಲ್ಲಿದೆ, ಎಷ್ಟು ವಾಲಿದೆ ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತೆ. ಸ್ಕ್ರೂ ಅಳತೆಗೆ ಪೇಸ್ಟೇ ಬೇಡ.”

“ಮುಖ?”

“ಮುಖ ಬರಲ್ಲ.”

ಸೆರಗು ಮತ್ತೆ ಬಾಯಿಗೆ ಬಂತು. “ನಡಿಯೇ, ಹೋಗೋಣ.”

ಸ್ಫೂರ್ತಿಗೆ ಮನೆಯ ಆಲ್ಬಮ್ ನೆನಪಾಯಿತು. ಚಿಕ್ಕಪ್ಪನ ಮದುವೆ, ಗೃಹಪ್ರವೇಶ. ಎಲ್ಲದರಲ್ಲೂ ಅಜ್ಜಿಯ ಅರ್ಧ ಮುಖ ಸೆರಗೇ. ಫೋಟೋಗೆಂದು ಅಜ್ಜಿ ತಾವಾಗಿ ಸಿಂಗರಿಸಿಕೊಂಡಿದ್ದು ಇವತ್ತೇ.

“ಡಾಕ್ಟ್ರೇ, ಸಾದಾ ಕ್ಯಾಮೆರಾ ಇದ್ಯಾ? ಮೊದ್ಲು ಅಜ್ಜೀದೊಂದು ತೆಗೀರಿ. ಸೀರೆ ಸಮೇತ.”

ಡಾಕ್ಟರ್ ನಗುತ್ತಾ ಡ್ರಾಯರಿನಿಂದ ಪುಟ್ಟ ಡಿಜಿಟಲ್ ಕ್ಯಾಮೆರಾ ತೆಗೆದರು. ನೀಲಿ ಬಟ್ಟೆ ಸರಿಸಿದರು. ಅಜ್ಜಿ ನೆಟ್ಟಗೆ ಕೂತು ನೆರಿಗೆ ಸರಿಮಾಡಿಕೊಂಡರು. ಸೆರಗು ಹಿಡಿದ ಕೈ ಬಾಯಿಯವರೆಗೆ ಹೋಯಿತು, ನಿಂತಿತು, ಮೆಲ್ಲಗೆ ಕೆಳಗಿಳಿಯಿತು.

ಕ್ಲಿಕ್!

ಅಜ್ಜಿ ಸ್ಕ್ರೀನನ್ನು ಬಹಳ ಹೊತ್ತು ನೋಡಿದರು. “ಬೊಚ್ಚುಬಾಯಿ. ಸೀರೆ ಮಾತ್ರ ಚೆನ್ನಾಗ್ ಬಂದಿದೆ. ಹ್ಞೂಂ, ಈಗ ನಿಮ್ ಚುಕ್ಕೆ ತೆಕ್ಕೊಳ್ರಮ್ಮ,” ಎಂದು ಬಾಯಿಯನ್ನು ಅಗಲವಾಗಿ ತೆರೆದರು. ಓಕರಿಕೆ ಬರಲಿಲ್ಲ. ಅಳತೆ ಮುಗಿಯಿತು.

ಊರಿಗೆ ಮರಳುವ ಭದ್ರಾವತಿ ಬಸ್ಸಿನಲ್ಲಿ ಜನ ಮತ್ತೆ ನೋಡಿದರು. ಸ್ಫೂರ್ತಿ ಅಜ್ಜಿಗೆ ಅಂಟಿಕೊಂಡೇ ಕೂತಳು. ಜಾರಿದ್ದ ಮಲ್ಲಿಗೆಯನ್ನು ಸರಿಯಾಗಿ ಸಿಕ್ಕಿಸಿದಳು.

“ಹಲ್ಲು ಹಾಕೋ ದಿನ ಯಾವ ಸೀರೆ ಅಜ್ಜಿ?”

ಅಜ್ಜಿ ಬಾಯಿತುಂಬ ನಕ್ಕರು. ಸೆರಗು ಹೆಗಲ ಮೇಲೇ ಇತ್ತು.